ಹೆಸರಿಡದೆ ಉಂಡ ಊಟ

ಗೋವೆಯ ಸಾಂಕೋಲೆಯ ಕಾರ್ಖಾನೆ ಸಾಲಿನ ಹಿಂದಿನ ಓಣಿಯಲ್ಲಿ ಬರ್ಫದ ಪರ್ವೇಜ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ತೋರಿಸುವಾಗ ಮುಖ ಸಿಂಡರಿಸುತ್ತಾರೆ. ಟೆಂಪೊದಲ್ಲಿ ಬರ್ಫ, ಅಂದರೆ ಐಸಿನ ಗಡ್ಡೆ ಹೇರಿಕೊಂಡು ಹೋಟೆಲಿಂದ ಹೋಟೆಲಿಗೆ ಹಾಕುವುದು ಅವನ ಉದ್ಯೋಗ. ಕಂಡದ್ದಕ್ಕೆಲ್ಲ ಹೆಸರಿಡುವುದು, ಐಬು ಎತ್ತಿ ಆಡುವುದು ಅವನ ಧ್ಯೇಯ. ಪಕ್ಕದ ಮನೆಯವರ ಹೊಸ ಸೋಫಾ, ಪಂಚಾಯತಿಯ ಹೊಸ ಗಟಾರು, ಯಾರದೋ ಕೂಸಿನ ಹೊಸ ಹಲ್ಲು, ಯಾವುದೂ ಅವನ ಕಣ್ಣಿಗೆ ಪಾಸಾದದ್ದಿಲ್ಲ. ಓಣಿಯವರು ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಅವನನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಕರೆಯದಿದ್ದರೂ ಬಂದು ಇಟ್ಟು ಹೋಗುತ್ತಾನೆ.

ಇಂಥವನಿಗೆ ಹೆಣ್ಣು ಹುಡುಕುವುದೆಂದರೆ ಅವನ ತಾಯಿ ಖಾತುನಳಿಗೆ ಕಲ್ಲು ಹೊರುವ ಕೆಲಸ. ಸಿಂದಗಿ ಕಡೆಯ ಬಳಗವೆಲ್ಲ ಜಾಲಾಡಿದ್ದಾಯಿತು. ಒಂದು ಮನೆಯ ಚಹಾಕ್ಕೆ, ಇನ್ನೊಂದು ಮನೆಯ ಗೋಡೆಗಡಿಯಾರಕ್ಕೆ, ಮತ್ತೊಂದು ಮನೆಯ ಭಾವೀ ಮಾವನ ಮೀಸೆಗೆ ಹೆಸರಿಟ್ಟು ಅವನು ವಾಪಸು ಬಂದ. ಹುಡುಗಿಯರನ್ನು ನೋಡಿದನೋ ಇಲ್ಲವೋ, ಗೊತ್ತಿಲ್ಲ. ಮೂವತ್ತಾರು ತುಂಬಿತು.

ಆಮೇಲೆ ಮುಬಶ್ಶಿರಾ ಕಂಡಳು. ಸಾವರ್ಡೆಯಲ್ಲಿ ಅದಿರಿನ ಲಾರಿ ಓಡಿಸುವ ಗೂಡುಸಾಬರ ಮಗಳು. ಸಾಂಕೋಲೆಯ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಸಾಲಿನ ಮೇಲ್ವಿಚಾರಕಿ. ಇರುವುದು ಇಲ್ಲೇ, ತಾಯಿಯ ತಂಗಿ ಸುಲ್ತಾನಾ ಖಾಲಾಳ ಮನೆಯಲ್ಲಿ. ಹೆಣ್ಣು ನೋಡಲು ಹೋದ ದಿನ ಪರ್ವೇಜ ಅವಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದ. ಐಬು ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಾಯಿಗೆ ಕೆಲಸವಿಲ್ಲದೆ ಕೂತ.

ಬಾಯಿ ಬಿಟ್ಟವಳು ಅವಳೇ.

"ನಮ್ಮ ಅಬ್ಬಾಗ ಅನ್ನ ಮೆತ್ತಗಾದ್ರೂ ಸಿಟ್ಟು, ಬಿರುಸಾದ್ರೂ ಸಿಟ್ಟು. ನಮ್ಮ ಅಮ್ಮಿ 'ಚಲೋ ಆಗೇತಿ' ಅನ್ನೂದ ಒಮ್ಮೆನೂ ಕೇಳಲಾರದ ಹ್ವಾದ್ಲು. ನಿಮ್ಮ ಸುದ್ದೀನೂ ಕೇಳೇನ್ರಿ. ಅದಕ್ಕ ಒಂದ್ ಕೆಲಸಾ ಮಾಡ್ರಿ. ಇಲ್ಲೇ ನಮ್ಮ ಏರಿಯಾದಾಗ ಒಂದ್ ಚಂದನ್ನ ಹೋಟೆಲ್ ಆರಿಸ್ರಿ. ಇಬ್ರೂ ಕೂತು ಊಟಾ ಮಾಡೂಣು. ಊಟಾ ಮುಗಿಯೂತನಾ ಆ ಹೋಟೆಲ್ಲಿಗೆ ನೀವು ಹೆಸರಿಡಬಾರ್ದು. ಇಟ್ರಿ, ನಾ ಎದ್ದು ಹೋಗಾಕಿ. ಇಡಲಿಲ್ಲ, ಹೂಂ ಅನ್ನಾಕಿ."

ಖಾತುನ ಮಗನ ಮುಖ ನೋಡಿದಳು. ಎಲ್ಲ ಮುಗಿಯಿತು ಎಂದುಕೊಂಡಳು.

ಗೂಡುಸಾಬರು ಮಾತ್ರ ಗಂಭೀರವಾಗಿ ತೀರ್ಪು ಕೊಟ್ಟರು: "ಆಗಲಿ. ಆದ್ರ ಸುಲ್ತಾನಾ ಜೋಡಿ ಬರ್ತಾಳ, ಬ್ಯಾರೆ ಟೇಬಲ್ಲಿಗೆ ಕುಂಡ್ರತಾಳ. ಮತ್ತ ಈ ಚಾದಾಗ ಇಷ್ಟ್ಯಾಕ ಸಕ್ರಿ?"

ಪರ್ವೇಜ ನೆರೆಮನೆಯ ಪೇಂಟರ್ ಕೇಶಪ್ಪನ ಹತ್ತಿರ ಓಡಿದ. ಕೇಶಪ್ಪ ಶ್ರೀಮಂತರ ಮನೆಗಳಿಗೆ ಬಣ್ಣ ಬಳಿಯುತ್ತ ಅವರ ಸಂಸ್ಕೃತಿಯನ್ನೂ ಅಷ್ಟಿಷ್ಟು ಮೈಗೆ ಹಚ್ಚಿಕೊಂಡವನು.

"ಇದಕ್ಕ ಡೇಟ್ ಅಂತಾರ ಪರ್ವೇಜಣ್ಣ."

"ಡೇಟ್ ಅಂದ್ರ ಖಜೂರಿ ಅಲ್ಲೇನೋ?"

"ಅದು ರೋಜಾ ಬಿಡಾಕ. ಇದು ರೋಜ್ ಕೊಡಾಕ. ಹೋಟೆಲ್ ರೊಮ್ಯಾಂಟಿಕ್ ಇರಬೇಕು."

ರೊಮ್ಯಾಂಟಿಕ್ ಹೋಟೆಲು ಎಂಬುದರ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಗೋವೆಯಲ್ಲಿ ಒಂದು ಹೋಟೆಲು ರೊಮ್ಯಾಂಟಿಕ್ ಆಗಲು ಬೇಕಾದದ್ದು ಸ್ವಲ್ಪವೇ: ಹರಿದ ಮೀನಿನ ಬಲೆ, ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಏಡಿ, ಮತ್ತು ತಟ್ಟೆಯಲ್ಲಿ ಏನಿದೆಯೆಂದು ಕಾಣಿಸದಷ್ಟು ಮಂದ ಬೆಳಕು. ಬೆಳಕು ಮಂದವಾದಷ್ಟೂ ಮಂದಿ ಹೆಚ್ಚು. ಮನೆಯಲ್ಲಿ ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದರೆ ವಿದ್ಯುತ್ ಇಲಾಖೆಗೆ ಶಾಪ ಹಾಕುವ ಜನ ಇಲ್ಲಿ ಅದೇ ಮೇಣದಬತ್ತಿಯ ಎದುರು ಕೂತು ಒಬ್ಬರ ಕಣ್ಣಲ್ಲೊಬ್ಬರು ನೋಡುತ್ತಾರೆ, ಯಾಕೆಂದರೆ ನೋಡಲು ಬೇರೇನೂ ಕಾಣುವುದಿಲ್ಲ. ಮೂಲೆಯಲ್ಲೊಬ್ಬ ಗಿಟಾರಿನವನು ಯಾರೂ ಕೇಳದ ಹಾಡನ್ನು ಯಾರಿಗೂ ಕೇಳಿಸದಂತೆ ಹಾಡುತ್ತಾನೆ. ಕೊನೆಯಲ್ಲಿ ಬಿಲ್ಲು ಬರುತ್ತದೆ; ಬಾಣ ಆಗಲೇ ನೆಟ್ಟಿರುತ್ತದೆ.

ಇವೆಲ್ಲವೂ ಪರ್ವೇಜನಿಗೆ ಪರಿಚಿತ, ಆದರೆ ಬೆನ್ನಿನ ಕಡೆಯಿಂದ. ಬರ್ಫದವನಿಗೆ ಪ್ರತಿ ಹೋಟೆಲೂ ಒಂದು ಹಿತ್ತಿಲ ಬಾಗಿಲು, ಒಂದು ಮೋರಿ, ಮೀನಿಡುವ ಒಂದು ಥರ್ಮಾಕೋಲ್ ಡಬ್ಬಿ, ಅಷ್ಟೇ. ಯಾವ ಹೋಟೆಲಿಗಾದರೂ ಮುಂಬಾಗಿಲು ಇದೆಯೆಂಬುದೇ ಅವನಿಗೆ ಕೇಳಿ ಗೊತ್ತಿದ್ದ ಸಂಗತಿ. ಹೀಗಾಗಿ ಆರಿಸುವ ಕೆಲಸ ಬೇರೆಯವರಿಗೆ ಸುಲಭ, ಅವನಿಗೆ ನರಕ.

"ಹೊಳಿ ದಂಡಿದು ಹೆಂಗೈತಿ?" ಎಂದ ಕೇಶಪ್ಪ. "ಕುಂತಲ್ಲೇ ಝುವಾರಿ ಕಾಣತೈತಿ."

"ಝುವಾರಿಗೆ ಅವರ ಗಟಾರನೂ ಕಾಣತೈತಿ. ಎರಡೂ ಒಂದಾ ಕಡೆ ಕೂಡ್ತಾವು."

"ಗುಡ್ಡದ ಮ್ಯಾಲಿಂದು?"

"ಅವನ ಬೆಕ್ಕ ಸುದ್ದಾ ಅವನ ಮೀನ ತಿನ್ನೂದಿಲ್ಲ. ನಾ ಕಣ್ಣಾರೆ ನೋಡೇನಿ, ಮೂಸಿ ನೋಡಿ ನಮಸ್ಕಾರ ಹೊಡದು ಹೋತು."

"ಫ್ಯಾಮಿಲಿ ರೂಮಿಂದು? ಪಡದೆ ಅದಾವು."

"ಆ ಪಡದೆದಾಗ ಎಲ್ಲಾರೂ ಕೈ ಒರಸ್ತಾರ."

ಕೇಶಪ್ಪನಿಗೆ ಸಾಕಾಯಿತು. "ಅಣ್ಣಾ, ನೀ ಹೋಟೆಲ್ ಆರಿಸೂದ ಬಿಡು. ನಿನ್ನ ಬಾಯಿಗೆ ಕೀಲಿ ಹಾಕೂ ಜಾಗಾ ಆರಿಸು."

ಈ ಮಾತು ನಾಟಿತು. ಎಲ್ಲಿ ಕೂತರೆ ತಾನು ಸುಮ್ಮನಿರಬಲ್ಲೆ ಎಂದು ಪರ್ವೇಜ ಯೋಚಿಸಿದ. ಕೊನೆಗೆ ಒಂದು ಹಳೆಯ ಪೋರ್ಚುಗೀಸ್ ಮನೆಯಲ್ಲಿ ಹೋದ ವರ್ಷ ತೆರೆದ ಹೋಟೆಲು ಹೊಳೆಯಿತು. ಅದರ ಬೋರ್ಡಿನಲ್ಲಿ 'ಅಮೋರ್' ಎಂಬ ಪದವಿದೆ. ಉಳಿದ ಪದಗಳನ್ನು ಬರೆದು ಅವರಿಗೆ ಪುಕ್ಕಟೆ ಜಾಹೀರಾತು ಕೊಡುವ ಉದ್ದೇಶ ನನಗಿಲ್ಲ. ಪೋರ್ಚುಗೀಸರ ಭಾಷೆಯಲ್ಲಿ ಅಮೋರ್ ಎಂದರೆ ಪ್ರೇಮ. ಪರ್ವೇಜನ ಪಾಲಿಗೆ ಹಿಂದೆ ಮೋರಿ, ಮುಂದೆ ಅಮೋರ್. ಆದರೆ ಆ ಮೋರಿಗೆ ಮುಚ್ಚಳವಿತ್ತು. ಮೀನಿನ ಡಬ್ಬಿಗೆ ದಿನವೂ ತಪ್ಪದೆ ಬರ್ಫ ಹಾಕಿಸಿಕೊಳ್ಳುತ್ತಿದ್ದರು. ಅವನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪ್ರೇಮವಿಲ್ಲ.

ಜಾಗ ಸಿಕ್ಕಿತು, ದಿನ ಸಿಗಲಿಲ್ಲ. ಬರ್ಫದವನಿಗೆ ಹಬ್ಬವಿಲ್ಲ, ಭಾನುವಾರವಂತೂ ಇಲ್ಲವೇ ಇಲ್ಲ. ಊರು ತಿನ್ನುವ ದಿನ ಅವನು ಹೇರಲೇಬೇಕು. ಅಷ್ಟರಲ್ಲಿ ಬರ್ಫದ ಕಾರ್ಖಾನೆಯ ಕಂಪ್ರೆಸರ್ ಕೆಟ್ಟು ಕೂತಿತು. ರಿಪೇರಿಯವನು ಬರಲು ಎರಡು ದಿನ. ಪರ್ವೇಜ ಇದನ್ನು ಅಲ್ಲಾಹನ ಕೃಪೆ ಎಂದೇ ತಿಳಿದ. ಮರುದಿನದ ಸಂಜೆಗೆ ಬರುವಂತೆ ಮುಬಶ್ಶಿರಾಳಿಗೆ ಫೋನು ಮಾಡಿದ, ಗಡ್ಡ ಟ್ರಿಮ್ ಮಾಡಿಸಿದ, ಟೆಂಪೊ ತೊಳೆದ. ಮೈಯೆಲ್ಲ ಅತ್ತರು ಬಳಿದುಕೊಂಡ. ತಲೆಯೊಳಗೆ ಮಾತ್ರ ಏನೂ ಬಳಿದುಕೊಳ್ಳಲಿಲ್ಲ.

ಹೋಟೆಲು ತಲುಪಿದ ಮೇಲೆ ಮೊದಲ ಅವಮಾನ. ಒಂದು ವರ್ಷದಿಂದ ದಿನಾ ಬರುವ ಹೋಟೆಲಿನ ಮುಂಬಾಗಿಲು ಎಲ್ಲಿದೆಯೆಂದು ಪಕ್ಕದ ಎಳನೀರಿನವನನ್ನು ಕೇಳಬೇಕಾಯಿತು. ಸುಲ್ತಾನಾ ಖಾಲಾ ಜರಿಯ ದುಪಟ್ಟಾದಲ್ಲಿ ಬಂದು, ಪಕ್ಕದ ಟೇಬಲ್ಲಿನಲ್ಲಿ ಪೊಲೀಸ್ ಠಾಣೆಯ ಹಾಗೆ ಕೂತಳು. ನೆತ್ತಿಯ ಮೇಲೆ ಬಲೆ, ಬಲೆಯಲ್ಲಿ ಏಡಿ. ಏಡಿಯ ಒಂದು ಕಾಲು ಮುರಿದಿತ್ತು. ಪರ್ವೇಜನ ಬಾಯಿ ಅರ್ಧ ತೆರೆಯಿತು. ಮುಬಶ್ಶಿರಾ ನೋಡಿದಳು. ಅವನು ಅದನ್ನು ಆಕಳಿಕೆಯಾಗಿ ಪರಿವರ್ತಿಸಿದ.

"ಏನರ ಅನ್ನವರಿದ್ರೇನ್ರಿ?" ಎಂದಳು.

"ಇಲ್ರಿ. ಏಡಿ ಭಾಳ... ಚಲೋ ಕುಂತೈತಿ."

ಕುತ್ತಿಗೆಗೆ ಬೋ ಕಟ್ಟಿಕೊಂಡ ವೇಟರ್ ಬಂದ. ಮುಂಬಾಗಿಲ ಕಡೆಯವನಾದ್ದರಿಂದ ಪರ್ವೇಜನ ಗುರುತು ಅವನಿಗಿರಲಿಲ್ಲ. ಹಿಂದಿಯಲ್ಲಿ ಶುರು ಮಾಡಿ, ಇವರ ಮಾತು ಕಿವಿಗೆ ಬಿದ್ದದ್ದೇ ಯಲಬುರ್ಗಾದ ಕನ್ನಡಕ್ಕೆ ಇಳಿದ. ಕೋಳಿ, ಕುರಿ ಎಂದು ಹೆಸರು ಹೇಳುತ್ತ ಹೋದ. ಖಾಲಾ ತನ್ನ ಠಾಣೆಯಿಂದಲೇ ಆಜ್ಞೆ ಹೊರಡಿಸಿದಳು: "ಗುರ್ತಿಲ್ಲದ ಜಾಗಾ. ಕೋಳಿ ಹಲಾಲೋ ಅಲ್ಲೋ ಯಾರಿಗ್ಗೊತ್ತು? ಮೀನ ತಗೋರಿ. ಮೀನಿಗೆ ಆ ರಗಳಿ ಇಲ್ಲ."

ಓಣಿಯ ಎಲ್ಲ ಮುಸ್ಲಿಂ ಮನೆಗಳ ಪದ್ಧತಿ ಅದೇ. ಹೊರಗೆ ಉಂಡರೆ ಮೀನು, ಕಣ್ಣುಮುಚ್ಚಿ ಮೀನು. ಮೂವರಿಗೂ ಸುರಮಯಿ ರವಾ ಫ್ರೈ ಹೇಳಿದರು.

ವೇಟರ್ ನೀರಿನ ಗ್ಲಾಸು ಇಟ್ಟ. "ಬರ್ಫ ಇಲ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬರ್ಫದಾಂವ ಎರಡು ದಿನಾ ಆತು, ಮಾರಿ ತೋರ್ಸಿಲ್ಲ. ಭಾಳ ಸೊಕ್ಕಿನ ಮನಿಶಾ ಅಂತ ಕಿಚನ್‌ನ್ಯಾಗ ಎಲ್ಲಾರೂ ಬೈಯಾಕತ್ತಾರ."

ಮುಬಶ್ಶಿರಾ ತುಟಿ ಕಚ್ಚಿ ನಗು ತಡೆದಳು. ಪರ್ವೇಜ ನಗಲಿಲ್ಲ. ಅವನಿಗೆ ಬೈಗುಳ ಕೇಳಿಸಲೇ ಇಲ್ಲ. ಕೇಳಿಸಿದ್ದು 'ಎರಡು ದಿನಾ' ಮಾತ್ರ. ಆ ಹೋಟೆಲಿನ ಫ್ರೀಜರಿನಲ್ಲಿ ಬಿಯರ್ ಬಾಟಲಿ ಮತ್ತು ಐಸ್‌ಕ್ರೀಮು ಮಲಗಿರುತ್ತವೆ. ಮೀನು ಮಲಗುವುದು ಥರ್ಮಾಕೋಲ್ ಡಬ್ಬಿಯಲ್ಲಿ, ಅವನ ಬರ್ಫದ ಮೇಲೆ. ತನಗೆ ಬಿಡುವು ಸಿಗುವುದು ಬರ್ಫವಿಲ್ಲದ ದಿನ. ಬರ್ಫವಿಲ್ಲದ ದಿನ ಊರಿನ ಮೀನೆಲ್ಲ ಹಳಸಿದ ಮೀನು. ಜಗತ್ತಿನ ಹೋಟೆಲುಗಳನ್ನೆಲ್ಲ ಜರಡಿ ಹಿಡಿದ ಮಹಾಶಯ, ಮೀನು ತಿನ್ನಲೇಬಾರದ ದಿನವನ್ನೇ ಹುಡುಕಿ ತೆಗೆದಿದ್ದ.

ಮೀನು ಬಂತು. ಖಾರ ಎರಡರಷ್ಟು, ನಿಂಬೆ ಮೂರರಷ್ಟು. ಅಡುಗೆಯವನು ಏನನ್ನು ಮುಚ್ಚಲು ನೋಡಿದ್ದಾನೆಂದು ಪರ್ವೇಜನ ಮೂಗು ಮೇಣದಬತ್ತಿಯ ಆಚೆಯಿಂದಲೇ ಹೇಳಿತು. ಖಾಲಾ ಆಗಲೇ ತನ್ನ ಪಾಲಿನ ಅರ್ಧ ಮುಗಿಸಿ ಬೆರಳು ಚೀಪುತ್ತಿದ್ದಳು. ಅವನು ಒಂದು ತುಣುಕು ಮುರಿದು ಬಾಯಿಗಿಟ್ಟ. ನುಂಗಿದ. ಎದುರಿಗೆ ಮುಬಶ್ಶಿರಾ ಕೂತು ಪರೀಕ್ಷಕಿಯ ಹಾಗೆ ನೋಡುತ್ತಿದ್ದಳು.

"ಹೆಂಗೈತ್ರಿ?"

"ಚಲೋ ಐತ್ರಿ."

ಇನ್ನೊಂದು ತುಣುಕು. ಅದನ್ನೂ ನುಂಗಿದ. ಹೂಂ ಎನ್ನುವ ಒಂದು ಶಬ್ದಕ್ಕಾಗಿ ಅವನು ಇಡೀ ಮೀನನ್ನು, ಬೇಕಾದರೆ ಆ ಪ್ಲಾಸ್ಟಿಕ್ ಏಡಿಯನ್ನೂ ನುಂಗಲು ತಯಾರಿದ್ದ.

ಅವಳು ತನ್ನ ತಟ್ಟೆಗೆ ಕೈ ಹಾಕಿದಳು. ತುಣುಕು ಮುರಿದಳು. ಬಾಯಿಯ ಹತ್ತಿರ ತಂದಳು.

ಪರ್ವೇಜ ಕೈ ಚಾಚಿ ಅವಳ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಗಿಟಾರಿನವನೂ ಹಾಡು ನಿಲ್ಲಿಸಿದ. ಕೊನೆಗೂ ನೋಡಲು ಏನೋ ಸಿಕ್ಕಿತ್ತು.

"ತಿನಬ್ಯಾಡ್ರಿ."

"ಯಾಕ?"

ಅವನ ನಾಲಿಗೆಯ ತುದಿಯಲ್ಲಿ ಹೋಟೆಲಿನ ಮಾಲೀಕ, ಅಡುಗೆಯವ, ಫ್ರೀಜರು, ಅಮೋರು, ಎಲ್ಲಕ್ಕೂ ಇಡಬೇಕಾದ ಹೆಸರುಗಳು ಸಾಲಾಗಿ ನಿಂತಿದ್ದವು. ಒಂದನ್ನೂ ಬಿಡಲಿಲ್ಲ.

"ಹೋಟೆಲ್ಲಿಂದು ತಪ್ಪಿಲ್ರಿ. ತಪ್ಪ ನಂದು. ಎರಡು ದಿನಾ ನಾ ಬರ್ಫ ಹಾಕಿಲ್ಲ. ಮೀನ ಕೆಟ್ಟಾವು. ಇದು ಗೊತ್ತಿದ್ದೂ ಇವತ್ತಾ ನಿಮ್ಮನ್ನ ಕರಕೊಂಡ ಬಂದ ಹುಚ್ಚ ನಾನಾ."

"ಮತ್ತ ನೀವು ತಿಂದ್ರಲ್ಲ?"

"ನಂದ್ ಬಿಡ್ರಿ."

ಮುಬಶ್ಶಿರಾ ಬೆರಳನ್ನು ಮೂಸಿ ನೋಡಿದಳು, ಮುಖ ಕಿವುಚಿದಳು. ದಿನವಿಡೀ ಔಷಧದ ಡಬ್ಬಿಗಳಲ್ಲಿ ಅವಧಿ ಮೀರಿದ್ದನ್ನು ಬೇರೆ ಮಾಡುವವಳು ಅದೇ ದೃಷ್ಟಿಯಿಂದ ಅವನನ್ನು ಒಮ್ಮೆ ನೋಡಿದಳು.

"ಅಂದ್ರ ನೀವು ರಜಾ ಹಾಕಿದ್ರ ಊರಿಗೂರಾ ನಾರತೈತಿ ಅನ್ರಿ. ಭಾಳ ದೊಡ್ಡ ಮನಿಶಾರ ಬಿಡ್ರಿ ನೀವು."

ಪಕ್ಕದ ಟೇಬಲ್ಲಿನಿಂದ ಚೀತ್ಕಾರ ಬಂತು. "ಏ ಹುಡುಗಾ! ನಾ ಪೂರ್ತಿ ತಿಂದೇನಲ್ಲೋ! ನನಗ್ಯಾಕ ಮೊದಲ ಹೇಳಲಿಲ್ಲ?"

ಮುಂದಿನದನ್ನು ವಿವರಿಸುವುದು ಸಭ್ಯತೆಯಲ್ಲ. ಖಾಲಾಳ ಹೊಟ್ಟೆ ಹೋಟೆಲಿನ ಬಗ್ಗೆ ಯಾವ ಷರತ್ತಿಗೂ ಒಪ್ಪಿರಲಿಲ್ಲವಾದ್ದರಿಂದ, ತನ್ನ ಅಭಿಪ್ರಾಯವನ್ನು ಪರ್ವೇಜನ ಟೆಂಪೊದಲ್ಲಿ ಮನೆಗೆ ಮರಳುವ ದಾರಿಯುದ್ದಕ್ಕೂ ಹೇಳುತ್ತ ಬಂತು. ಟೆಂಪೊವನ್ನು ಇನ್ನೊಮ್ಮೆ ತೊಳೆಯಬೇಕಾಯಿತು. ಮನೆಯ ಬಾಗಿಲಲ್ಲಿ ಮುಬಶ್ಶಿರಾ ಖಾಲಾಳನ್ನು ಹಿಡಿದುಕೊಂಡು ಒಳಗೆ ಹೋದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪರ್ವೇಜ ರಾತ್ರಿಯೆಲ್ಲ ಎರಡು ಸಂಕಟಗಳ ನಡುವೆ ಹೊರಳಾಡಿದ, ಒಂದು ಹೊಟ್ಟೆಯದು.

ಮರುದಿನ ಕಂಪ್ರೆಸರ್ ಶುರುವಾಯಿತು. ಅವನು ಗಡ್ಡೆ ಹೇರುತ್ತಿದ್ದಾಗ ಫೋನು ಬಂತು.

"ಖಾಲಾ ಈಗ ಆರಾಮ ಅದಾಳ್ರಿ. ಗಂಜಿ ಕುಡದು ನಿಮ್ಮನ್ನ ಬೈಯಾಕತ್ತಾಳ."

"ಬೈಲಿ ಬಿಡ್ರಿ," ಎಂದ ಪರ್ವೇಜ. ಹೆಗಲ ಮೇಲಿನ ಗಡ್ಡೆಯನ್ನು ಕೆಳಗಿಟ್ಟ. ಬರ್ಫ ಕರಗುತ್ತಿತ್ತು.

"ಒಂದ್ ಮಾತು ಹೇಳೂದಿತ್ರಿ," ಎಂದಳು ಮುಬಶ್ಶಿರಾ. "ನಮ್ಮ ಲಗ್ನದ ವಲೀಮಾದ ಊಟಕ್ಕ ಮೀನ ಇಡಸಬ್ಯಾಡ್ರಿ. ಕೋಳಿ ಸಾಕು."