ಜಿಂಕೆಗಳಿಗೆ ಕೊಟ್ಟ ಹುಲ್ಲು

ಪುತ್ತೂರಿನಿಂದ ಸುಳ್ಯಕ್ಕೆ ಬರುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಊರವರದೇ ಒಂದು ಸಮಿತಿ ನಡೆಸುತ್ತಿದ್ದ ಮೃಗಾಲಯವಿತ್ತು. ಮೃಗಾಲಯವೆಂದರೆ ಹೆಸರು ದೊಡ್ಡದಾಯಿತು. ಏಳು ಚುಕ್ಕಿ ಜಿಂಕೆ, ನಾಲ್ಕು ನವಿಲು, ಒಂದು ಮುದಿ ಮುಳ್ಳುಹಂದಿ, ಅಷ್ಟೇ. ಟೀಚರಾಗಿದ್ದ ನಾನು ಪ್ರತಿವರ್ಷ ಮಕ್ಕಳನ್ನು ಸಾಲು ಮಾಡಿಸಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಜಿಂಕೆಗಳ ಬೇಲಿಯೊಳಗೆ ಬರೀ ಕೆಂಪು ಮಣ್ಣು, ಹಸಿರೆಂಬುದೇ ಇರಲಿಲ್ಲ. ಅವುಗಳ ಪಕ್ಕೆಲುಬು ಎಣಿಸಬಹುದಿತ್ತು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಒಮ್ಮೆ ನಿಜವಾಗಿಯೂ ಎಣಿಸಿದಳು. ಲೆಕ್ಕ ಸರಿಯಾಯಿತೆಂದು ನಾನು ಅವಳ ಬೆನ್ನು ತಟ್ಟಿದ್ದೆ. ಈಗ ಅದನ್ನು ನೆನೆದರೆ ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯುವುದಿಲ್ಲ.

ನಾನು ನಿವೃತ್ತಳಾದ ಮರುವರ್ಷ ಅಧಿಕಾರಿಗಳು ಬಂದು ನೋಡಿದರು. ಆರು ತಿಂಗಳಲ್ಲಿ ಸರಿಪಡಿಸಿ, ಇಲ್ಲವಾದರೆ ಮುಚ್ಚಿ, ಪ್ರಾಣಿಗಳನ್ನು ನಾವು ದೊಡ್ಡ ಮೃಗಾಲಯಕ್ಕೆ ಸಾಗಿಸುತ್ತೇವೆ ಎಂದರು. ಸಮಿತಿಯ ಸಭೆ ಸೇರಿತು, ನಾನೂ ಹೋಗಿದ್ದೆ. ಹೆಚ್ಚಿನವರಿಗೆ ಮುಚ್ಚಿಬಿಟ್ಟರೆ ಸಾಕಾಗಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಎದ್ದು ನಿಂತು ಕೂಗಿದೆ:

"ನೆಗಡಿ ಬಂತು ಅಂತ ಮೂಗು ಕೊಯ್ಯುದಾ? ಅವಕ್ಕೆ ಹೊಟ್ಟೆಗೆ ಸರಿ ಇಲ್ಲ, ಅದೇ ಅಲ್ವಾ ಸಮಸ್ಯೆ? ಹಾಗಾದ್ರೆ ಹೊಟ್ಟೆಗೆ ಹಾಕುವ, ಮಾರಾಯ್ರೆ! ಇಷ್ಟು ಜನ ಕೃಷಿಕರು ಇದ್ದೇವೆ, ಏಳು ಜಿಂಕೆಗೆ ಹುಲ್ಲು ಕೊಡ್ಲಿಕ್ಕೆ ನಮ್ಮಿಂದ ಆಗುದಿಲ್ವಾ?"

ಚಪ್ಪಾಳೆ ಬಿತ್ತು. ಮಾತಾಡಿದವಳ ತಲೆಗೇ ಕೆಲಸವೂ ಬಂತು. ನಾನು ಸಂತೋಷದಿಂದಲೇ ಹೊತ್ತೆ.

ಊರಿಗೊಂದು ದಿನವೆಂದು ಸರದಿ ಹಾಕಿದೆ. ಸೋಮವಾರ ಕೆದಂಬಾಡಿ, ಮಂಗಳವಾರ ನಮ್ಮ ಐವರ್ನಾಡು, ಬುಧವಾರ ಮರ್ಕಂಜ, ಹೀಗೆ. ಮಳೆಗಾಲ ಶುರುವಾದ ಮೇಲೆ ಅಡಿಕೆ ತೋಟದಲ್ಲಿ ಹುಲ್ಲು ಸೊಂಟದವರೆಗೆ ಬೆಳೆಯುತ್ತದೆ. ಕೊಡಲು ಯಾರೂ ಹಿಂದೆಮುಂದೆ ನೋಡಲಿಲ್ಲ. ದಿನವೂ ಗೂಡ್ಸ್ ಆಟೋದಲ್ಲಿ ಹುಲ್ಲಿನ ಕಟ್ಟುಗಳು ಬಂದು ಬೀಳುತ್ತಿದ್ದವು. ಬೇಲಿಗೆ ಹಸಿರು ಬಣ್ಣ ಹೊಡೆಸಿದೆವು. ಹೊಸ ಫಲಕ ಹಾಕಿದೆವು. ಬಂದವರಿಗೆ ಕೂರಲು ಸಿಮೆಂಟಿನ ಬೆಂಚುಗಳನ್ನೂ ಮಾಡಿಸಿದೆವು.

ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದವರು ನೆಲ್ಯಾಡಿ ಕಡೆಯ ಒಬ್ಬರು, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬದವರು. ಎಲ್ಲರೂ ಅವರನ್ನು ಚೇಟ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಜಿಂಕೆಗಳು ಅವರ ಕೈ ನೆಕ್ಕುತ್ತಿದ್ದವು. ಕಿವಿ ಹರಿದ ಒಂದು ಹೆಣ್ಣು ಜಿಂಕೆಯಂತೂ ಅವರ ಹೆಜ್ಜೆ ಸದ್ದು ಕೇಳಿದರೆ ಸಾಕು, ಬೇಲಿಗೆ ಬಂದು ನಿಲ್ಲುತ್ತಿತ್ತು.

"ಟೀಚರೇ, ಈ ವರ್ಷ ಅದರ ಮೈ ನೋಡಿ. ಪಕ್ಕೆಲುಬೇ ಕಾಣುದಿಲ್ಲ," ಎಂದು ಚೇಟ ಜುಲೈಯಲ್ಲಿ ತೋರಿಸಿದರು. ಮುಚ್ಚಬೇಕೆಂದವರನ್ನು ಕರೆದು ತಂದು ತೋರಿಸುವಷ್ಟು ಜಂಬ ಬಂದಿತ್ತು ನನಗೆ.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಚೇಟನ ಫೋನು ಬಂತು. ಎರಡು ಜಿಂಕೆಗಳು ಸತ್ತು ಬಿದ್ದಿದ್ದವು. ಮರುದಿನ ಮತ್ತೆರಡು. ಅಂದು ನಾನು ಹೋದಾಗ ಕಿವಿ ಹರಿದದ್ದು ಇನ್ನೂ ಉಸಿರಾಡುತ್ತಿತ್ತು. ಕಣ್ಣಿನ ಬಿಳಿ ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಅದು ಮಾಡಿದ ಮೂತ್ರ ಚಹಾದ ಡಿಕಾಕ್ಷನ್ನಿನಷ್ಟು ಕಪ್ಪಗಿತ್ತು. ನಾನು ಅಂಥದ್ದನ್ನು ಜೀವಮಾನದಲ್ಲಿ ಕಂಡಿರಲಿಲ್ಲ. ಮಧ್ಯಾಹ್ನದ ಮೊದಲೇ ಅದರ ತಲೆ ಚೇಟನ ಮಡಿಲಿನಲ್ಲಿ ವಾಲಿತು.

ಸರಕಾರಿ ಪಶುವೈದ್ಯೆ ಬಂದಿದ್ದರು. ಚಿಕ್ಕ ಪ್ರಾಯದವರು, ಹೆಚ್ಚು ಮಾತಿಲ್ಲ. ಸತ್ತ ಜಿಂಕೆಗಳನ್ನು ಕೊಯ್ದು ನೋಡಿದರು. ಕೈ ತೊಳೆದುಕೊಂಡು ಬಂದವರು ಮೇವಿನ ತೊಟ್ಟಿಯಿಂದ ಒಂದು ಹಿಡಿ ಹುಲ್ಲು ಎತ್ತಿ ಬೆಳಕಿಗೆ ಹಿಡಿದರು. ಒಣಗಿದ ಎಸಳುಗಳ ಮೇಲೆ ತಿಳಿನೀಲಿ ಕಲೆಗಳಿದ್ದವು.

"ಇದು ಎಲ್ಲಿಯ ಹುಲ್ಲು ಟೀಚರ್?"

"ತೋಟದ್ದು. ಎಲ್ಲ ಊರಿನವರೂ ಕೊಡ್ತಾರೆ," ಎಂದೆ. ಆಗಲೂ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

"ನಿಮ್ಮಲ್ಲಿ ದನ ಉಂಟಾ?"

"ಉಂಟು. ಒಂದು ದನ, ಒಂದು ಕರು."

"ಅದಕ್ಕೂ ಈಗ ಇದೇ ಹುಲ್ಲು ಹಾಕುದಾ?"

"ಛೆ, ಎಂತ ಡಾಕ್ಟ್ರೆ! ಅಡಿಕೆಗೆ ಮದ್ದು ಬಿಟ್ಟ ಮೇಲೆ ತೋಟದ ಹುಲ್ಲನ್ನು ದನಕ್ಕೆ ಯಾರಾದ್ರೂ ಹಾಕ್ತಾರಾ? ಅದಕ್ಕೆ ಗುಡ್ಡೆಯಿಂದ..."

ಅವರ ಕೈಯಿಂದ ಹುಲ್ಲು ತೆಗೆದುಕೊಂಡು ಆ ನೀಲಿ ಕಲೆಯನ್ನು ಉಗುರಿನಿಂದ ಕೆರೆದೆ.

ಕೊಳೆರೋಗ ಬಾರದಿರಲೆಂದು ಮಳೆಗಾಲದಲ್ಲಿ ಎರಡು ಸಲ, ಕೆಲವೊಮ್ಮೆ ಮೂರು ಸಲ, ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ನೀರು ಸಿಂಪಡಿಸುತ್ತೇವೆ. ಅದಕ್ಕೇ ನಾವು ಮದ್ದು ಬಿಡುವುದು ಎನ್ನುವುದು. ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ಕೆಳಗಿನ ಹುಲ್ಲಿಗೆ. ಮೈಲುತುತ್ತಿನಲ್ಲಿರುವುದು ತಾಮ್ರ, ದನಕ್ಕೆ ವಿಷ. ಇದನ್ನು ಕಲಿಸಲು ನಮ್ಮ ಕಡೆ ಯಾರೂ ಬೇಕಾಗಿಲ್ಲ, ಲಂಗ ಉಡುವ ವಯಸ್ಸಿನಿಂದಲೇ ಗೊತ್ತಿರುತ್ತದೆ. ಆ ಎರಡು ಮೂರು ತಿಂಗಳು ದನಕ್ಕೆ ಗುಡ್ಡೆಯ ಹುಲ್ಲು. ತೋಟದ್ದು ಹಾಗೇ ಕೊಳೆಯುತ್ತದೆ. ಹೇಗೂ ಕೊಳೆಯುವುದೆಂದೇ ಎಲ್ಲರೂ ಅಷ್ಟು ಧಾರಾಳವಾಗಿ ಕೊಟ್ಟದ್ದು.

"ಲಿವರಿನ ಚೂರು ಲ್ಯಾಬಿಗೆ ಕಳಿಸ್ತೇನೆ. ನನಗೇನೂ ಸಂಶಯ ಇಲ್ಲ," ಎಂದರು ಪಶುವೈದ್ಯೆ. ಆಮೇಲೆ ಲ್ಯಾಬಿನವರು ಹೇಳಿದ್ದೂ ಅದನ್ನೇ. ತಾಮ್ರ ದಿನದಿನವೂ ಸೇರುತ್ತಾ ಹೋಗಿ, ಒಂದು ದಿನ ಒಮ್ಮೆಲೇ ಕೊಂದಿತ್ತು.

ಪಶುವೈದ್ಯೆ ಹಾಗೆಂದ ಕೂಡಲೇ ನಾವೇ ಹೊಸದಾಗಿ ಮಾಡಿಸಿದ ಬೆಂಚಿನಲ್ಲಿ ಕುಳಿತೆ. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ. ಪ್ರತಿ ಮಂಗಳವಾರ ಬೆಳಿಗ್ಗೆ ನಾನು ಇದೇ ಕೈಯಿಂದ ಎರಡು ಕಟ್ಟು ಕಟ್ಟುತ್ತಿದ್ದೆ, ಗುಡ್ಡೆಯದು ದನದ ಹಟ್ಟಿಗೆ, ತೋಟದ್ದು ಆಟೋಗೆ. ಒಂದು ದಿನವೂ ಕೈ ತಡೆಯಲಿಲ್ಲ. ಜಿಂಕೆ ಕಾಡಿನ ಪ್ರಾಣಿ, ಏನು ತಿಂದರೂ ಅರಗುತ್ತದೆ ಎಂದು ಮನಸ್ಸಿನೊಳಗೆ ಎಲ್ಲೋ ಇತ್ತು. ಅದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದರೆ ನನಗೆ ನಾಚಿಕೆಯಾಗುತ್ತಿತ್ತು, ನಿಲ್ಲಿಸುತ್ತಿದ್ದೆ.

"ಚೇಟ, ನೀಲಿ ಕಲೆ ನಿಮಗೂ ಕಾಣಲಿಲ್ವಾ?" ಎಂದೆ. ತಪ್ಪನ್ನು ಹಂಚಿಕೊಳ್ಳಲು ಒಬ್ಬರಾದರೂ ಸಿಗಲೆಂಬ ಆಸೆ.

ಅವರು ಮಡಿಲಿನ ಜಿಂಕೆಯಿಂದ ಕಣ್ಣೆತ್ತಲಿಲ್ಲ. "ಕಂಡಿತ್ತು ಟೀಚರೇ. ಆದ್ರೆ ದಾನಕ್ಕೆ ಬಂದ ದನದ ಹಲ್ಲು ಎಣಿಸುದುಂಟಾ? ಅದೂ ನೀವು ಕಳಿಸಿದ್ದು."

ಮುಂದಿನ ಸಭೆಯಲ್ಲಿ ಮುಚ್ಚಬೇಕೆಂದು ಮೊದಲು ಎದ್ದು ಹೇಳಿದವಳು ನಾನೇ. "ಮೂಗಿನ ಕತೆ ಹೇಳಿದ್ದು ನೀವೇ ಅಲ್ವಾ?" ಎಂದು ಹಿಂದಿನಿಂದ ಯಾರೋ ಕುಟುಕಿದರು. ಹೌದು, ನಾನೇ ಎಂದೆ. ಎಲ್ಲ ಮೃಗಾಲಯಗಳನ್ನೂ ಮುಚ್ಚಬೇಕೆಂದು ನಾನು ಈಗಲೂ ಹೇಳಲಾರೆ. ತಿಳಿದವರಿದ್ದಲ್ಲಿ, ಪ್ರತಿದಿನದ ಮೇವಿಗೆ ಉತ್ತರ ಹೇಳಬೇಕಾದವರಿದ್ದಲ್ಲಿ ಸುಧಾರಿಸಲಿ. ನಮ್ಮದು ಹಾಗಿರಲಿಲ್ಲ. ಬೇಡದ್ದನ್ನು ಕೊಟ್ಟು ದೊಡ್ಡವರಾದವರ ಕೈಯಲ್ಲಿ ಆ ಏಳು ಜೀವಗಳಿದ್ದವು.

ಉಳಿದ ಎರಡು ಜಿಂಕೆಗಳನ್ನು ಸಾಗಿಸಲು ಲಾರಿ ಬಂದ ದಿನ ನಾನು ಬೆಳಿಗ್ಗೆಯೇ ಗುಡ್ಡೆ ಹತ್ತಿ ಹುಲ್ಲು ಕೊಯ್ದೆ. ನಮ್ಮ ದನಕ್ಕೆ ಅದರಲ್ಲಿ ಒಂದೆಸಳೂ ಹಾಕಲಿಲ್ಲ. ಕಟ್ಟು ಹೊತ್ತು ಹೋಗಿ ಚೇಟನ ಮುಂದೆ ಇಳಿಸಿದೆ.

"ಗುಡ್ಡೆಯದ್ದು," ಎಂದೆ.

ಅವರು ಹಗ್ಗ ಬಿಚ್ಚಿ, ಹುಲ್ಲನ್ನು ನೆಲದ ಮೇಲೆ ಹರವಿ, ಎಸಳೆಸಳು ಮಗುಚಿ ನೋಡಿದರು. ಮೂಸಿದರು. ನಡುವಿನಿಂದ ಒಂದೆಸಳು ಎಳೆದು, ನನ್ನೆದುರೇ ಬಾಯಿಗೆ ಹಾಕಿ ಜಗಿದರು. ಆಮೇಲೆ ಲಾರಿಯೊಳಗೆ ಹಾಕಿದರು.