ನೀರು ಬಿಡದ ಗದ್ದೆ

ಬಿರುಕು ಬಿಟ್ಟ ಗದ್ದೆಗೆ ಮೊದಲ ನೀರು ನುಗ್ಗಿದಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನದಲ್ಲ. ಬಹಳ ದಿನ ಬೋರಲು ಹಾಕಿದ್ದ ಮಡಕೆಗೆ ನೀರು ತುಂಬಿದಾಗ ಬರುವಂಥದ್ದು. ಮೊನ್ನೆ ಮಂಡ್ಯದ ವಿ.ಸಿ. ಫಾರಂನಲ್ಲಿ, ನಮ್ಮ ಸಂಶೋಧನಾ ಕೇಂದ್ರದಲ್ಲಿ, ಕೊಯ್ಲು ಮುಗಿದ ಪ್ರಯೋಗದ ತಾಕಿಗೆ ನೀರು ಬಿಟ್ಟೆ. ಆ ವಾಸನೆ ಬಡಿದದ್ದೇ ತಡ, ಸೊಸೈಟಿ ಗೌಡರು ಬದುವಿನ ಮೇಲೆ ಬಂದು ಕೂತಂತಾಯಿತು…

ಕೆರಗೋಡಿನ ಆಚೆ, ನಾಲೆಯ ಪಕ್ಕದ ಒಂದು ಹಳ್ಳಿಯ ಸಹಕಾರ ಸೊಸೈಟಿಗೆ ಅವರು ಅಧ್ಯಕ್ಷರಾಗಿದ್ದರು. ನಾನಾಗ ಕೆಲಸಕ್ಕೆ ಹೊಸದಾಗಿ ಸೇರಿದ ಭತ್ತದ ವಿಜ್ಞಾನಿ. ಕಡಿಮೆ ನೀರಿನಲ್ಲಿ ಬದುಕುವ ಭತ್ತವನ್ನು ಹುಡುಕುವುದು ನನ್ನ ಕೆಲಸ. ಬೇಸಿಗೆಯಲ್ಲಿ ಹಲವು ತಳಿಗಳನ್ನು ಸಾಲುಸಾಲಾಗಿ ಬಿತ್ತಿ, ತೆನೆ ಬಿಚ್ಚುವ ಮುಂಚೆ ನೀರು ನಿಲ್ಲಿಸಿಬಿಡಬೇಕು. ಸಾಯುವುದು ಸಾಯಬೇಕು, ಆಗ ತಾನೇ ಬದುಕುವುದು ಯಾವುದೆಂದು ತಿಳಿಯುವುದು. ಕೇಂದ್ರದೊಳಗೆ ಬೆಳೆದರೆ ಸಾಲದು, ರೈತರ ನೆಲದಲ್ಲೂ ಬೆಳೆದು ತೋರಿಸಬೇಕಿತ್ತು.

ಮೊದಲ ವರ್ಷ ಆ ಊರಿನಲ್ಲೇ ಬೇರೊಬ್ಬರ ಗದ್ದೆಯಲ್ಲಿ ಬಿತ್ತಿದ್ದೆ. ಒಂದು ಬೆಳಿಗ್ಗೆ ಬಸ್ಸಿಳಿದು ಹೋಗಿ ನೋಡಿದರೆ ತಾಕಿನ ತುಂಬ ನೀರು, ನಡುವೆ ಕೊಕ್ಕರೆಗಳು. ಊರಿನ ನೀರಗಂಟಿ, ಅಂದರೆ ಗದ್ದೆಗದ್ದೆಗೆ ಸರದಿಯಂತೆ ನೀರು ಹಂಚುವವನು, ನನ್ನನ್ನು ಕಂಡು ಸಂತೋಷದಿಂದ ಓಡಿ ಬಂದ.

"ನೀವೇನೂ ಯೋಚ್ನೆ ಮಾಡ್ಬೇಡಿ ಮೇಡಮ್ಮ. ಪೈರು ಬಾಯ್ ಬುಡ್ತಿತ್ತು, ನನ್ ಕೈಲಿ ನೋಡಕ್ಕಾಗ್ನಿಲ್ಲ. ಯಾರ್ಗೂ ಏಳ್ದೆ ನಾನೇ ನೀರ್ ತಿರುಗುಸ್ಬುಟ್ಟೆ."

ಬೈಯಲು ಬಾಯಿ ಬರಲಿಲ್ಲ. ನಾಲೆ ತುಂಬಿ ಹರಿಯುವಾಗ ಪಕ್ಕದ ಪೈರನ್ನು ಒಣಗಿಸುವುದೆಂದರೆ, ನಮ್ಮ ಕಡೆ, ಮನೆಯಲ್ಲಿ ಅನ್ನವಿಟ್ಟುಕೊಂಡು ಕೂಸನ್ನು ಉಪವಾಸ ಕೆಡವಿದಂತೆ. ಮಳವಳ್ಳಿಯ ನಮ್ಮಜ್ಜಿ ಅಲ್ಲಿದ್ದಿದ್ದರೂ ನೀರೇ ಬಿಡುತ್ತಿದ್ದಳು. ಆದರೆ ಪ್ರಯೋಗ ಹಾಳಾಯಿತು. ಇನ್ನೊಮ್ಮೆ ಹೀಗಾದರೆ ಹಳ್ಳಿಯ ತಾಕೂ ಬೇಡ, ಈ ಕೆಲಸವೂ ಬೇಡ ಎಂದು ಮೇಲಿನವರು ಕಡ್ಡಿ ಮುರಿದಂತೆ ಹೇಳಿದರು.

ಅಳು ನುಂಗಿಕೊಂಡು ಸೊಸೈಟಿಯ ಜಗಲಿಯ ಮೇಲೆ ಕೂತಿದ್ದೆ. ಗೌಡರು ಎಲೆಯಡಿಕೆ ಮೆಲ್ಲುತ್ತಾ ಎಲ್ಲವನ್ನೂ ಕೇಳಿದರು. ಸಾಯುವ ಸಾಲು ಯಾಕೆ ಸಾಯಲೇಬೇಕು ಎಂಬುದನ್ನು ಮಾತ್ರ ಮತ್ತೆ ಮತ್ತೆ ಕೇಳಿದರು. ಎದ್ದು ಹೋಗಿ ಉಗುಳಿ ಬಂದು, "ಈ ನಾಲೆ ಒಂದಿನ ಬತ್ದೆ ಇರ್ತದಾ ಮಗ? ಅವತ್ತು ಬೀಜ ಉಡುಕ್ಕೊಂಡ್ ಕೂತ್ಕಳಕ್ಕಾಯ್ತದಾ? ನನ್ ತೂಬಿನ ಗದ್ದೆ ತಕೊ," ಅಂದರು.

ತೂಬಿನ ಗದ್ದೆ ಅಂದರೆ ಊರಿಗೆಲ್ಲ ಮೊದಲು ನೀರುಣ್ಣುವ ಗದ್ದೆ. ಸಾಲದ್ದಕ್ಕೆ ರಸ್ತೆಗೇ ಅಂಟಿಕೊಂಡಿತ್ತು. ಮರೆಯಲ್ಲಿರುವ ಯಾವುದಾದರೂ ತುಂಡು ಸಾಕು ಎಂದೆ.

"ಮೂಲೇಲಿ ಮಾಡುದ್ರೆ ಕಳ್ರಂಗೆ ಕಾಣ್ತೀವಿ. ಎಲ್ರ ಕಣ್ಮುಂದ್ಲೇ ಒಣುಗ್ಲಿ ಬುಡು."

ಒಣಗಿತು. ಸುತ್ತಲಿನ ಹಸಿರಿನ ನಡುವೆ ಗೌಡರ ಗದ್ದೆ ಸುಟ್ಟ ಗಾಯದಂತೆ ಕಾಣುತ್ತಿತ್ತು. ಹೋಗಿಬರುವ ಬಸ್ಸಿನ ಕಿಟಕಿಯಿಂದಲೇ ಕೇಳುವರು: "ಏನ್ ಗೌಡ್ರೇ, ನಾಲೆಗೂ ನಿಮ್ಗೂ ಮಾತ್ ಬುಟ್ಟೋಗದಾ?" ಒಂದು ದಿನ ಗೌಡರ ತಾಯಿ, ಬೆನ್ನು ಬಾಗಿದ ಮುದುಕಿ, ಸೆರಗಿನ ಮರೆಯಲ್ಲಿ ತಂಬಿಗೆ ನೀರು ತಂದು ಒಂದು ಸಾಲಿನ ಬುಡಕ್ಕೆ ಬಗ್ಗಿದರು. ಗೌಡರು ತಂಬಿಗೆ ಇಸಿದುಕೊಂಡು ಗಟಗಟ ತಾವೇ ಕುಡಿದುಬಿಟ್ಟರು.

"ನಿನ್ ಮಗುನ್ಗೆ ಕುಡುಸ್ದೆ ಅನ್ಕೊ ಕಣವ್ವ. ಓಗು ಮನೇಗೆ."

ಅಂದಿನಿಂದ ಅವರೇ ಬದುವಿನ ಮೇಲೆ ಕಾವಲು ಕೂತರು. ನೀರಗಂಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಹೋದಾಗಲೆಲ್ಲ ನೋಡುತ್ತಿದ್ದೆ, ಇಬ್ಬರೂ ಗದ್ದೆಗೆ ಬೆನ್ನು ಹಾಕಿಯೇ ಕೂತಿರುತ್ತಿದ್ದರು… ಕಣ್ಣಿಟ್ಟು ನೋಡುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಸಾಲಿಗೆ ಸಾಲೇ ಬೆಂದುಹೋದವು. ಎರಡು ಸಾಲು ಮಾತ್ರ ಎಲೆಯನ್ನು ಸುರುಳಿ ಸುತ್ತಿಕೊಂಡು, ಉಸಿರು ಬಿಗಿಹಿಡಿದವರಂತೆ ನಿಂತವು. ಆಮೇಲೊಂದು ದಿನ ತೆನೆ ಬಿಚ್ಚಿದವು. ಕೂಗಿ ಕರೆದೆ. ಗೌಡರು ಬಂದು, ಮಗುವಿನ ಜ್ವರ ನೋಡುವ ಹಾಗೆ, ಅಂಗೈಯ ಹಿಂಬದಿಯಿಂದ ತೆನೆಯೊಂದನ್ನು ಮುಟ್ಟಿದರು.

ಆ ವರ್ಷ ಮಂಡ್ಯದಲ್ಲಿ, ಸಂಶೋಧನೆಗೆ ಒತ್ತಾಸೆಯಾದ ಮುಖಂಡರಿಗೂ ಸಂಘಗಳಿಗೂ ಸನ್ಮಾನ ಏರ್ಪಾಡಾಗಿತ್ತು. ಗೌಡರಿಗೂ ಅವರ ಸೊಸೈಟಿಗೂ ಕರೆ ಬಂತು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಮೈಕು ಕೊಟ್ಟರು.

"ಉಟ್ದಾಗಿಂದ ನೀರ್ ಕಟ್ಟಿವ್ನಿ, ಯಾರೂ ಒಂದ್ ಟವಲ್ಲೂ ಒದುಸ್ನಿಲ್ಲ. ಒಂದ್ ಬೆಳೆಗೆ ನೀರ್ ಬುಡ್ನಿಲ್ಲ, ಪೇಟ ಇಕ್ತಾವ್ರೆ."

ಸಭೆ ಬಿದ್ದು ಬಿದ್ದು ನಕ್ಕಿತು. ನಗು ಅಡಗುವವರೆಗೆ ಕಾದು, ಕೆಳಗಿಳಿದು ಬಂದು ತಮ್ಮ ಶಾಲನ್ನು ಮುಂದೆ ಕೂತಿದ್ದ ನೀರಗಂಟಿಗೆ ಹೊದಿಸಿದರು. "ನೀನ್ ಕೈ ಕಟ್ಕೊಂಡ್ ಕೂತಿದ್ದು ನನ್ಗಿಂತ ಕಷ್ಟ ಕಣ್ಲಾ," ಅಂದರು.

ಆದರೆ ಸನ್ಮಾನ ಎಂದೊಡನೆ ನನಗೆ ಕಾಣುವುದು ಆ ವೇದಿಕೆಯಲ್ಲ. ಅದಕ್ಕೂ ಮುಂಚೆ, ಕೊಯ್ಲು ಮುಗಿಸಿ ಆ ಎರಡು ಸಾಲಿನ ತೆನೆಯನ್ನು ನಾನು ಚೀಲಕ್ಕೆ ತುಂಬಿಕೊಂಡ ದಿನ. ಗೌಡರು ಚಪ್ಪಲಿ ಬಿಟ್ಟರು. ಸನಿಕೆ ಹಿಡಿದು ಕಾಲುವೆಯ ಬಾಯಿ ಬಿಡಿಸಿದರು. ನೀರು ಬಿರುಕಿಗಿಳಿಯುತ್ತ ಚುಸ್ ಎಂದಿತು, ಆ ವಾಸನೆ ಎದ್ದಿತು. ಗೌಡರು ಗದ್ದೆಗೆ ಕೈ ಮುಗಿದು, "ತಪ್ಪಾಯ್ತು ಕಣವ್ವ. ಕುಡ್ಕೊ," ಅಂದರು. ಬಿರುಕುಗಳೆಲ್ಲ ಕೂಡಿಕೊಳ್ಳುವವರೆಗೂ ನೋಡುತ್ತ ಕೂತಿದ್ದು, "ಸಾಕು" ಎಂದು ಎದ್ದು ಕಾಲುವೆಯ ಬಾಯಿ ಕಟ್ಟಿದರು. ನಾನು ಹಿಡಿದ ಕೆಲಸ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ, ಅವತ್ತು ಗೌಡರ ಆ ಬಾಗಿದ ಬೆನ್ನನ್ನು ನೋಡಿ.

ಗೌಡರು ಹೋಗಿ ವರ್ಷಗಳಾದವು. ಅವರು ಹೇಳಿದ್ದ ಆ ದಿನವೂ ಬಂತು. ಒಂದು ಬೇಸಿಗೆ ನಾಲೆಗೆ ನೀರು ಬಿಡಲೇ ಇಲ್ಲ. ಬೆಸಗರಹಳ್ಳಿ ಕಡೆಯವರೂ ಆ ಎರಡು ಸಾಲಿನ ಬೀಜ ಕೇಳಿಕೊಂಡು ಬಂದರು. "ಯಾರು ಮೇಡಂ ಈ ತಳಿ ಮಾಡ್ದೋರು?" ಅಂದರು. ಕೇಂದ್ರದ ಹೆಸರು ಹೇಳಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಮೊನ್ನೆಯೂ ಚಪ್ಪಲಿ ಬಿಟ್ಟು ನಾನೇ ಕಾಲುವೆಯ ಬಾಯಿ ಬಿಡಿಸಿದೆ. ಹೊಸದಾಗಿ ಕೂಲಿಗೆ ಬಂದಿದ್ದ ಹೆಂಗಸು, "ಕುಯ್ದಾದ್ಮೇಲ್ ಯಾಕಮ್ಮ ನೀರು?" ಎಂದು ಕೇಳಿದಳು. "ಕುಡೀಲಿ ಬುಡವ್ವ," ಅಂದೆ. ಬಿರುಕುಗಳು ಒಂದೊಂದಾಗಿ ಕೂಡಿಕೊಂಡವು. ಅಭ್ಯಾಸಬಲ, ಬದುವಿನ ಕಡೆ ತಿರುಗಿ ನೋಡಿದೆ. ಸಾಕು ಅನ್ನುವವರು ಯಾರೂ ಇರಲಿಲ್ಲ. ನೀರು ಬದುವಿನ ಅಂಚಿನವರೆಗೂ ಏರಿತು.