ಎಪ್ಪತ್ತು ಸೆಲ್ಲಿನ ರೇಡಿಯೋ

ನಮ್ಮ ಮನೆಯ ರೇಡಿಯೋದಲ್ಲಿ ಬೆಂಗಳೂರು ಕೇಳಬೇಕಾದರೆ ಡಯಲಿನ ಮುಳ್ಳನ್ನು ಮಾಸ್ಕೋ ಹತ್ತಿರ ನಿಲ್ಲಿಸಬೇಕಾಗಿತ್ತು. ಮುಳ್ಳನ್ನು ಎಳೆಯುವ ದಾರ ಎಂದೋ ಸಡಿಲಾಗಿ, ಮುಳ್ಳು ಒಂದು ಕಡೆ, ಸ್ಟೇಷನ್ನು ಇನ್ನೊಂದು ಕಡೆ ಸಂಸಾರ ಮಾಡುತ್ತಿದ್ದವು. ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಎಸ್ಟೇಟಿನ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಮೇಜು ಕುರ್ಚಿಗಳನ್ನೆಲ್ಲ ದೊಡ್ಡ ತೋಟದವರು ಹರಾಜಿನಲ್ಲಿ ಹಿಡಿದರು. ಯಾರೂ ಸವಾಲು ಕೂಗದ ಈ ರೇಡಿಯೋ ನನ್ನ ಪಾಲಿಗೆ ಬಂತು. ಎಳೆಗರುವಿನಷ್ಟು ಭಾರ. ಅದನ್ನು ಹೊತ್ತು ತಂದ ದಿನವೇ ನನಗೆ ಎರಡು ಚಿಂತೆ ಹತ್ತಿಕೊಂಡವು. ಪೋಸ್ಟಾಫೀಸಿನಿಂದ ರೇಡಿಯೋ ಲೈಸೆನ್ಸು ಬರುವ ಮೊದಲೇ ಹಾಕಿದರೆ ಅಲ್ಲಿಯವರಿಗೆ ಕೇಳಿಸುತ್ತದೆಯೇ ಎಂಬುದೊಂದು. ಸಿಡಿಲು ಏರಿಯಲ್ ತಂತಿಯನ್ನು ಹುಡುಕಿಕೊಂಡು ಬರುತ್ತದೆಯೇ ಎಂಬುದು ಇನ್ನೊಂದು. ಎರಡೂ ಆಗಲಿಲ್ಲ. ಆದರೂ ಚಿಂತೆ ಮಾಡಿದ್ದು ದಂಡವಾಯಿತೆಂದು ನನಗೆ ಅನಿಸಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಲೇ ಕೆಲವು ವರ್ಷಗಳಾಗಿದ್ದವು. ಕರೆಂಟು ಶನಿವಾರಸಂತೆಯ ಪೇಟೆಯವರೆಗೆ ಬಂದು ನಿಂತಿತ್ತು. ನಮ್ಮ ಹಳ್ಳಿ ಅಲ್ಲಿಂದ ಮೂರು ಮೈಲಿ. ಹಾಗಾಗಿ ನಮ್ಮ ರೇಡಿಯೋ ಬದುಕಿದ್ದುದು ಇಟ್ಟಿಗೆಯಂಥ ಒಂದು ದೊಡ್ಡ ಬ್ಯಾಟರಿಯ ಮೇಲೆ. ಹೊಸದರ ಬೆಲೆ ಕೇಳಿದಾಗಲೆಲ್ಲ ನಾನು ಹಳೆಯದರ ಗುಣಗಾನಕ್ಕೆ ತೊಡಗುತ್ತಿದ್ದೆ. ದಿನಕ್ಕೆ ಹತ್ತು ನಿಮಿಷ ವಾರ್ತೆ, ಅದೂ ದೇಶದ ಸುದ್ದಿ ಮುಗಿಯುವವರೆಗೆ ಮಾತ್ರ. ಹವಾಮಾನವನ್ನು ಅಂಗಳಕ್ಕೆ ಹೋಗಿ ನೋಡುತ್ತಿದ್ದೆವು.

ಇಂಥ ರೇಡಿಯೋದ ಮೇಲೆ ನನ್ನ ಮಗಳ ಮದುವೆ ನಿಲ್ಲುತ್ತದೆಂದು ನಾನು ಚಿಂತಿಸಿರಲಿಲ್ಲ. ಚಿಂತಿಸದೆ ಬಿಟ್ಟ ಕೆಲವೇ ವಿಷಯಗಳಲ್ಲಿ ಅದೊಂದು.

ನನ್ನ ಹೆಂಡತಿಯ ತಮ್ಮ ಶನಿವಾರಸಂತೆಯಲ್ಲಿ ಗಡಿಯಾರ, ಟಾರ್ಚು, ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ. ಸಂಬಂಧ ತಂದವನೂ ಅವನೇ. ಹುಡುಗ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ಅವನ ಊರು ನಮ್ಮಿಂದ ಎರಡು ಗುಡ್ಡದಾಚೆ. ತಾಯಿ ಇಲ್ಲ, ತಂದೆ ಇದ್ದಾರೆ. ಆ ತಂದೆ ಪ್ರಾಯದಲ್ಲಿ ಹಾಕಿ ಆಡಿದವರು. ಮೊಣಕಾಲು ಹೋಗಿದ್ದರೂ ಹಾಕಿ ಹೋಗಿರಲಿಲ್ಲ. ಹುಡುಗನಿಗೆ ಮೂರು ದಿನ ರಜೆ ಸಿಕ್ಕಿತ್ತು. ಅಲ್ಲಿ ರೊಬಸ್ಟಾ ಕಾಫಿಯ ಪಿಕ್ಕಿಂಗ್ ಶುರುವಾದರೆ ಮತ್ತೆ ರಜೆಯ ಮಾತಿಲ್ಲ, ಇತ್ತ ಧನುರ್ಮಾಸ ಹಿಡಿದರೆ ಹೆಣ್ಣು ನೋಡುವ ಮಾತಿಲ್ಲ. ಉಳಿದದ್ದು ಒಂದೇ ದಿನ. ಆ ದಿನ ಸಂಜೆ ಹೊರದೇಶದಲ್ಲಿ ಹಾಕಿ ಫೈನಲ್; ಆಗೆಲ್ಲ ಫೈನಲ್ ಎಂದರೆ ನಮಗೂ ಪಾಕಿಸ್ತಾನಕ್ಕೂ. ರೇಡಿಯೋ ಬಿಟ್ಟು ತಾವು ಎಲ್ಲಿಗೂ ಬರುವುದಿಲ್ಲ, ಹುಡುಗನಿಗೆ ಇನ್ನೊಂದು ಕಡೆಯೂ ಹೆಣ್ಣಿದೆ, ಅದನ್ನು ಪಿಕ್ಕಿಂಗ್ ಕಳೆದ ಮೇಲೆ ನೋಡಿದರಾಯಿತು ಎಂದು ಹುಡುಗನ ತಂದೆ ಹೇಳಿಬಿಟ್ಟಿದ್ದರಂತೆ.

“ನಮ್ ಭಾವನ ಮನೇಲಿ ದೊರೆ ರೇಡಿಯೋ ಐತೆ, ಪಕ್ಕದಲ್ಲಿ ನಿಂತು ಹೇಳ್ದಂಗೆ ಕೇಳ್ತದೆ ಅಂದೆ,” ಎಂದ ಭಾವಮೈದುನ. “ಬತ್ತೀವಿ ಅಂದ್ರು.”

“ಹುಡುಗಿ ಬಗ್ಗೆ ಏನಂದೆ?”

“ಅದಕ್ಕೆ ಟೈಮ್ ಸಿಗ್ಲಿಲ್ಲ ಭಾವ.”

ಮಗಳು ಆ ಹುಡುಗನನ್ನು ಹಿಂದೆ ಒಂದು ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸುವಾಗ ನೋಡಿದ್ದಳು. ಒಪ್ಪಿಗೆಯೋ ಅಲ್ಲವೋ ಎಂದು ಅವಳ ಅಮ್ಮ ಕೇಳಿದ್ದಕ್ಕೆ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಸಂಜೆ ನಾನು ಒಬ್ಬನೇ ಇದ್ದಾಗ ಬಂದು, “ಅಪ್ಪಾಜಿ, ಬ್ಯಾಟ್ರಿ ಹೊಸದೇ ತರಕ್ಕಾಗಲ್ವಾ?” ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ನನ್ನನ್ನು ಕೇಳಿದ್ದು ನಾಲ್ಕೋ ಐದೋ ವಸ್ತು. ಅವಳ ಮನಸ್ಸು ನನಗೆ ತಿಳಿದದ್ದು ಹಾಗೆ.

ನಾನು “ನೋಡೋಣ” ಎಂದೆ. ಕಾಫಿಯ ದುಡ್ಡು ಕೈಗೆ ಬರುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಹೊಸ ಬ್ಯಾಟರಿ ನನ್ನ ಮಟ್ಟಕ್ಕೆ ದೊಡ್ಡ ಖರ್ಚು. ದೊಡ್ಡ ಖರ್ಚಿನಿಂದ ತಪ್ಪಿಸಿಕೊಳ್ಳಲು ಸಣ್ಣ ಖರ್ಚುಗಳನ್ನು ಮಾಡುವುದು ನನ್ನ ಸ್ವಭಾವ. ಭಾವಮೈದುನನೂ ಅದಕ್ಕೆ ತಕ್ಕವನೇ. ಮುಳ್ಳಿನ ದಾರ ತೆಗೆದು ಮೀನು ಹಿಡಿಯುವ ಗಾಳದ ದಾರ ಕಟ್ಟಿದ. ಏರಿಯಲ್ಲಿಗೆ ತಾಮ್ರದ ತಂತಿ ತಂದು ಸಿಲ್ವರ್ ಓಕ್ ಮರದಿಂದ ಹಲಸಿನ ಮರಕ್ಕೆ ಎಳೆದ. ಅರ್ತಿಂಗ್ ಚೆನ್ನಾಗಿರಬೇಕೆಂದು ಗೋಡೆಯ ಬುಡದಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ದಿನಾ ಬೆಳಿಗ್ಗೆ ಒಂದು ಕೊಡ ನೀರು ಹೊಯ್ಯಲು ಹೇಳಿದ. ಹೊಯ್ದೆ. ಏನೂ ನೆಡದ ಜಾಗಕ್ಕೆ ವಾರಗಟ್ಟಲೆ ನೀರು ಹೊಯ್ಯುವ ಮಗನನ್ನು ನನ್ನ ಅವ್ವ ಜಗಲಿಯಿಂದ ನೋಡುತ್ತಿದ್ದಳು. ಸ್ಪೀಕರಿನ ಹರಿದ ಕಾಗದಕ್ಕೆ ಮೈದಾ ಅಂಟಿನ ತೇಪೆ ಬಿತ್ತು. ಯಾವುದೋ ಸತ್ತ ರೇಡಿಯೋದಿಂದ ಬಿಚ್ಚಿದ ವಾಲ್ವೊಂದು ಬಂದು ಕೂತಿತು. ಪ್ರತಿ ಸಲವೂ ಅವನು, “ಇದೊಂದು ಆಗೋದ್ರೆ ಹೊಸ ರೇಡಿಯೋನೇ ಭಾವ,” ಎನ್ನುತ್ತಿದ್ದ. ಇವೆಲ್ಲವನ್ನೂ ಕೂಡಿಸಿದ್ದರೆ ಹೊಸ ಬ್ಯಾಟರಿಯ ಹತ್ತಿರ ಬರುತ್ತಿತ್ತು. ಕೂಡಿಸಲು ಹೋಗಲಿಲ್ಲ.

ಒಂದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಪ್ರತಿ ಸುಧಾರಣೆ ಆದಾಗಲೂ ಸುಧಾರಿಸಿತೇ ಎಂದು ನೋಡಲು ರೇಡಿಯೋ ಹಾಕಬೇಕಲ್ಲ. ಹಾಕಿ ನೋಡಿದೆವು. ನೋಡಿ ನೋಡಿ, ಫೈನಲ್ಲಿಗೆ ಎರಡು ದಿನ ಇರುವಾಗ ಬ್ಯಾಟರಿ ಮುಗಿಯಿತು. ಮುಳ್ಳು ಮಾತ್ರ ಈಗ ಸರಿಯಾಗಿ ಬೆಂಗಳೂರಿನ ಮೇಲೆ ನಿಂತು ಸುಮ್ಮನಿತ್ತು.

ಟಾರ್ಚಿನ ಸೆಲ್ಲು ಮಂಕಾದರೆ ಬಿಸಿಲಿಗಿಟ್ಟು ಜೀವ ಬರಿಸುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ದೊಡ್ಡ ಬ್ಯಾಟರಿಗೂ ಅದೇ ನ್ಯಾಯವೆಂದು, ಮರುದಿನ ಬೆಳಿಗ್ಗೆ ಕಾಫಿ ಒಣಗುತ್ತಿದ್ದ ಕಣದ ನಡುವೆ ಒಂದು ತಗಡು ಹಾಕಿ, ಅದರ ಮೇಲೆ ಬ್ಯಾಟರಿ ಇಟ್ಟು ಎಸ್ಟೇಟಿಗೆ ಹೋದೆ. ಹೋಗುವಾಗ ಅವ್ವನಿಗೆ, ಸ್ವಲ್ಪ ನೋಡಿಕೋ ಎಂದೆ. ಅದೇ ತಪ್ಪಾಯಿತು. ಅವ್ವ ನಲವತ್ತು ವರ್ಷದಿಂದ ಕಣ ನೋಡಿಕೊಂಡವಳು. ಹಣ್ಣು ಕಾಫಿಯನ್ನು ಗಂಟೆಗೊಮ್ಮೆ ಮಗುಚದಿದ್ದರೆ ಬೂಷ್ಟು ಹಿಡಿಯುತ್ತದೆಂದು ಬಲ್ಲವಳು. ಗಂಟೆಗೊಮ್ಮೆ ಕಾಫಿಯ ಜೊತೆ ಬ್ಯಾಟರಿಯನ್ನೂ ಮಗುಚಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಯ ಬಾಯಿಗೆ ಮೆತ್ತಿದ್ದ ಕರಿ ಅರಗು ಕರಗಿ, ಬುಡಮೇಲಾಗಿದ್ದರಿಂದ ಹೊರಗೆ ಹರಿದು, ತಂತಿಗಳೂ ಕಿತ್ತು ಬಂದಿದ್ದವು. ನಾನು ಬಂದಾಗ ಅವ್ವ ಅರಗು ಅಂಟಿದ ಕಾಫಿಯನ್ನು ಒಂದೊಂದಾಗಿ ಆರಿಸುತ್ತಿದ್ದಳು.

“ಒಂದೇ ಮಗ್ಗುಲು ಒಣಗ್ಸಿದ್ರೆ ಒಳಗೆ ಹಸಿ ಉಳಿತದೆ ಕಣ್ ಮಗ,” ಎಂದಳು. “ಹಿಂಗೆ ಕೀವು ಸೋರೋ ಸಾಮಾನು ಕಾಫಿ ಮಧ್ಯೆ ಇಡ್ತಾರಾ?”

ಈಗ ದುಡ್ಡು ಇದ್ದರೂ ಉಪಯೋಗವಿರಲಿಲ್ಲ. ಆ ಬಗೆಯ ಬ್ಯಾಟರಿಯನ್ನು ಹಾಸನದಿಂದ ತರಿಸಬೇಕು, ಫೈನಲ್ ನಾಳೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅರಗಿನ ಕಡೆ ನೋಡಿ ಒಳಗೆ ಹೋದಳು. ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಭಾವಮೈದುನ ಬಂದು ತಲೆ ಕೆರೆದುಕೊಂಡು ಲೆಕ್ಕ ಹಾಕಿದ. ಆ ಬ್ಯಾಟರಿಯೊಳಗೆ ಇದ್ದದ್ದೂ ಸಣ್ಣ ಸಣ್ಣ ಸೆಲ್ಲುಗಳೇ ತಾನೇ, ಟಾರ್ಚಿನ ಸೆಲ್ಲುಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿದರೆ ರೇಡಿಯೋಗೆ ಏನು ಗೊತ್ತಾಗುತ್ತದೆ ಎಂದ. ಹೊಸವಾದರೆ ಅರವತ್ತು, ಬಳಸಿದವಾದರೆ ಎಪ್ಪತ್ತು. ಅವನು ಬಿದಿರು ಸೀಳಿ ದೋಣಿಯಂತೆ ನಾಲ್ಕು ದಬ್ಬೆ ಮಾಡಲು ಕೂತ. ಮರುದಿನ ಬೆಳಗಾಗುತ್ತಲೇ ನಾನು ಮನೆಮನೆಗೆ ಸೆಲ್ಲು ಬೇಡಲು ಹೊರಟೆ.

ನಮ್ಮ ಕಡೆ ಟಾರ್ಚಿಲ್ಲದ ಮನೆ ಇಲ್ಲ. ಕತ್ತಲಾದ ಮೇಲೆ ಟಾರ್ಚಿಲ್ಲದೆ ತೋಟದ ದಾರಿಗೆ ಇಳಿಯುವವನೂ ಇಲ್ಲ; ಹಂದಿಯ ಕಾಟ, ಒಂದೊಂದು ವರ್ಷ ಆನೆಯೂ. ಹಾಗಾಗಿ ಎಲ್ಲರೂ ಕೊಟ್ಟರು, ಎಲ್ಲರೂ ಕತ್ತಲಾಗುವ ಮೊದಲು ವಾಪಸ್ ಬೇಕೆಂದರು. ವಾಪಸ್ ಬರುವುದು ಬೇರೆಯವರ ಸೆಲ್ಲಾಗಬಾರದೆಂದು ಒಬ್ಬರು ಸುಣ್ಣದ ಗುರುತು ಹಾಕಿದರು, ಒಬ್ಬರು ಕುಂಕುಮ ಇಟ್ಟರು, ಒಬ್ಬರು ದಾರ ಕಟ್ಟಿದರು. ತಮ್ಮ ಸೆಲ್ಲು ಏನು ಮಾಡುತ್ತದೆಂದು ನೋಡಲು ಸಂಜೆ ತಾವೂ ಬರುವುದಾಗಿ ಹೇಳಿದರು. ಬೇಡ ಎನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹೀಗೆ ನನ್ನ ಮಗಳನ್ನು ನೋಡಲು ಬಂದ ಇಬ್ಬರಿಗೆ ನಮ್ಮ ಜಗಲಿಯಲ್ಲಿ ಇಪ್ಪತ್ತಾರು ಜನ ಎದುರಾದರು. ಹುಡುಗನ ತಂದೆ ಕುಂಟುತ್ತ ಮೆಟ್ಟಿಲು ಹತ್ತಿ, ಐದು ಸೆಲ್ಲಿನ ಉದ್ದ ಟಾರ್ಚನ್ನು ಪಕ್ಕಕ್ಕಿಟ್ಟು, ರೇಡಿಯೋದಿಂದ ಹೊರಟು ನೆಲದ ಮೇಲೆ ಹರಡಿದ್ದ ನಾಲ್ಕು ಬಿದಿರನ್ನೂ ಅವುಗಳ ತುಂಬ ಮಲಗಿದ್ದ ಸೆಲ್ಲುಗಳನ್ನೂ ನೋಡಿದರು. ದೊರೆಗಳು ಹೀಗೆಯೇ ಕೇಳುತ್ತಿದ್ದರೇ ಎಂದು ವಿಚಾರಿಸಿದರು. ಭಾವಮೈದುನ ಹೌದೆಂದ.

ಕೊನೆಯ ಬಿದಿರಿನ ತುದಿಯಲ್ಲಿ ತಂತಿ ಸರಿಯಾಗಿ ತಾಗುತ್ತಿರಲಿಲ್ಲ; ಯಾರಾದರೂ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಿತ್ತು. ಭಾವಮೈದುನನ ಕೈ ತಿರುಗುಗುಂಡಿಯ ಮೇಲೆ, ನನ್ನ ಎರಡು ಕೈಯೂ ಉಳಿದ ಬಿದಿರುಗಳ ಮೇಲೆ. ಹತ್ತಿರದಲ್ಲಿ ಕೂತವನು ಹುಡುಗ. ಹೆಣ್ಣು ನೋಡಲು ಬಂದವನ ಕೈಗೆ ಬಿದಿರು ಕೊಟ್ಟೆವು. ಆಗಾಗ ಅವನ ತೋಳು ಜುಮ್ಮೆಂದು ಅದುರುತ್ತಿತ್ತು. ಒಂದು ಸಲವೂ ಹೇಳಿಕೊಳ್ಳಲಿಲ್ಲ. ಸಂಸಾರಕ್ಕೆ ಆಗುತ್ತಾನೆ ಎಂದುಕೊಂಡೆ.

ರೇಡಿಯೋ ಹಾಡಿತು. ನಿಜಕ್ಕೂ ಪಕ್ಕದಲ್ಲಿ ನಿಂತು ಹೇಳಿದಂತೆಯೇ. ಹೇಳುತ್ತಿದ್ದುದು ನಮ್ಮೂರಿನವರಿಗೆ ಬಾರದ ಹಿಂದಿಯಲ್ಲಿ. ಹುಡುಗನ ತಂದೆ ಕಣ್ಣು ಮುಚ್ಚಿ, ಚೆಂಡು ಎಡಕ್ಕೆ ಹೋದರೆ ಎಡಗಾಲು, ಬಲಕ್ಕೆ ಹೋದರೆ ನೋವಿನ ಬಲಗಾಲು ಆಡಿಸುತ್ತಿದ್ದರು. ಉಳಿದವರು ರೇಡಿಯೋ ಬಿಟ್ಟು ಆ ಕಾಲುಗಳನ್ನು ನೋಡುತ್ತ ಆಟ ತಿಳಿದುಕೊಂಡರು. ಮಗಳು ಸೀರೆಯುಟ್ಟು ಉಪ್ಪಿಟ್ಟು, ಕಾಫಿ ತಂದಳು. ತಂದೆ ಕಣ್ಣು ಬಿಡದೆ ಲೋಟ ಹಿಡಿದರು. ಹುಡುಗನಿಗೆ ಕೈ ಖಾಲಿಯಿಲ್ಲ. ಅವಳು ಲೋಟವನ್ನು ಅವನ ಮೊಣಕಾಲಿನ ಹತ್ತಿರ ಇಟ್ಟು ಹೋದಳು. ಆರಿತು. ಬಂದು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಿಟ್ಟಳು. ಮತ್ತೆ ಆರಿತು.

ಆಟದ ಹೊತ್ತು ಮುಗಿದರೂ ಯಾರೂ ಗೋಲು ಹೊಡೆದಿರಲಿಲ್ಲ. ಇನ್ನಷ್ಟು ಹೊತ್ತು ಆಡಿಸುತ್ತಾರಂತೆ ಎಂದು ತಿಳಿದಾಗ ಬಿಸಿಲು ಹಲಸಿನ ಮರದ ತುದಿಗೆ ಏರಿತ್ತು. ಗದ್ದೆಯಾಚೆಯ ಮನೆಯ ಯಜಮಾನರು ಎದ್ದು ನಿಂತರು.

“ನನ್ನ ಮೂರು ಕೊಡಿ ರೈಟ್ರೇ. ಸುಣ್ಣದ ಗುರುತಿಂದು.”

ಇನ್ನೊಂದು ಕಾಲು ಗಂಟೆ ಎಂದು ಕೇಳಬೇಕೆನಿಸಿತು. ಅವರ ದಾರಿ ನನಗೆ ಗೊತ್ತಿತ್ತು, ಕೊಟ್ಟ ಮಾತೂ ಗೊತ್ತಿತ್ತು. ತೆಗೆದುಕೊಟ್ಟೆ. ದನಿ ಒಂದು ಮೆಟ್ಟಿಲು ಇಳಿಯಿತು. ಅವರ ಹಿಂದೆ ಕುಂಕುಮದವರು, ದಾರದವರು. ದನಿ ಬಾವಿಯೊಳಗೆ ಹೋಯಿತು. ಹುಡುಗನ ತಂದೆ ಕಿವಿಯನ್ನು ರೇಡಿಯೋಗೆ ಒತ್ತಿದರು, ಕಾಲು ನಿಂತಿತು. ನಾನು ಬಾಗಿಲ ಕಡೆ ನೋಡಿದೆ. ಮಗಳು ಲೋಟ ಹಿಡಿದು ನಿಂತಿದ್ದಳು. ಹೊಸ ಬ್ಯಾಟರಿ ಕೇಳಿದ ದಿನ ಇದ್ದ ಮುಖವೇ.

ಆಗ ಹುಡುಗನ ತಂದೆ ತಮ್ಮ ಟಾರ್ಚು ಎಳೆದುಕೊಂಡು, ಹಿಂದಿನ ಮುಚ್ಚಳ ತಿರುಗಿಸಿ, ಐದು ಸೆಲ್ಲುಗಳನ್ನೂ ನೆಲಕ್ಕೆ ಸುರಿದರು. “ಹಾಕಿ ಇವನ್ನ,” ಎಂದರು. ಹೊಸ ಸೆಲ್ಲುಗಳು. ದನಿ ಬಾವಿಯಿಂದ ಮೇಲೆ ಬಂತು, ಕಾಲುಗಳು ಮತ್ತೆ ಆಡತೊಡಗಿದವು.

ಅಷ್ಟರಲ್ಲಿ ಮಗಳು ಜಗಲಿಗೆ ಬಂದು ಹುಡುಗನ ಎದುರು ಕುಕ್ಕರಗಾಲಲ್ಲಿ ಕೂತಳು.

“ನಾನು ಹಿಡ್ಕೋತೀನಿ. ನೀವು ಕುಡೀರಿ. ಇದು ನಾಲ್ಕನೇ ಸಲ ಬಿಸಿ ಮಾಡಿದ್ದು.”

ನೋಡಲು ಬಂದ ಹುಡುಗನನ್ನು ನಾಲ್ಕು ಜನರ ಎದುರು ಹುಡುಗಿಯೇ ಮಾತಾಡಿಸುವುದನ್ನು ನಮ್ಮ ಊರಲ್ಲಿ ಯಾರೂ ಕಂಡಿರಲಿಲ್ಲ. ಅದರ ಬಗ್ಗೆ ಚಿಂತಿಸಲೂ ನನಗೆ ಪುರಸತ್ತು ಸಿಗಲಿಲ್ಲ. ಅವನ ಹೆಬ್ಬೆರಳು ಎದ್ದು ಅವಳ ಹೆಬ್ಬೆರಳು ಕೂರುವ ನಡುವೆ ರೇಡಿಯೋ ಸತ್ತಿತು. ಮತ್ತೆ ಹುಟ್ಟಿದಾಗ ಅಲ್ಲಿ ಸಾವಿರಾರು ಜನ ಕಿರುಚುತ್ತಿದ್ದರು. ಗೋಲಾಗಿ ಹೋಗಿತ್ತು. ಹೊಡೆದದ್ದು ನಾವು ಎಂಬುದು ಸ್ವಲ್ಪ ತಡೆದು ತಿಳಿಯಿತು; ಯಾರು, ಹೇಗೆ ಎಂಬುದು ತಿಳಿಯಲಿಲ್ಲ. ಎರಡು ಗುಡ್ಡ ಹತ್ತಿಳಿದು ಬಂದ ಮನುಷ್ಯನಿಗೆ ಆ ಒಂದು ಗೋಲನ್ನು ನಾವು ತಪ್ಪಿಸಿದ್ದೆವು. ಅವರು ಕಣ್ಣು ಬಿಟ್ಟರು. ಮೊದಲ ಸಲ ನನ್ನ ಮಗಳನ್ನು ನೋಡಿದರು, ಆಮೇಲೆ ಮಗನನ್ನು, ಆಮೇಲೆ ಲೋಟವನ್ನು.

“ಬಿಸಿ ಐತೇನೋ?” ಎಂದರು.

“ಐತೆ,” ಎಂದ ಹುಡುಗ.

ಅವರು ಮತ್ತೆ ಕಣ್ಣು ಮುಚ್ಚಿದರು.

ನಾವು ಗೆದ್ದೆವು. ಜನ ಗುರುತು ನೋಡಿ ಸೆಲ್ಲು ಆರಿಸಿಕೊಂಡು, ಟಾರ್ಚುಗಳಿಗೆ ತುಂಬಿಕೊಂಡು ಇಳಿದು ಹೋದರು. ಹುಡುಗನ ತಂದೆಯ ಐದನ್ನೂ ನಾನೇ ಪಂಚೆಯಲ್ಲಿ ಒರೆಸಿ ಅವರ ಟಾರ್ಚಿಗೆ ಹಾಕಿಕೊಟ್ಟೆ. ಹಾಕುವಾಗಲೇ ಅನಿಸಿತು, ಒಂದೆರಡು ಸೆಲ್ಲು ಕಳೆದುಹೋದಂತೆ ನಟಿಸಬೇಕಿತ್ತು. ಒಪ್ಪಿಗೆಯಾಗದೆ ಹೆಣ್ಣಿನ ಮನೆಯಲ್ಲಿ ಅನ್ನ ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಗಂಡಿನವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿಕಳಿಸುತ್ತೇವೆ ಎಂದು ಏಳುತ್ತಾರೆ. ಹೇಳಿಕಳಿಸದೆಯೂ ಇರುತ್ತಾರೆ. ಟಾರ್ಚಿಲ್ಲದಿದ್ದರೆ ಅವರು ಏಳುವಂತಿರಲಿಲ್ಲ.

ಅವರು ಟಾರ್ಚು ಒತ್ತಿ ಗೋಡೆಗೆ ಬೆಳಕು ಬಿಟ್ಟು ನೋಡಿದರು. ಚೆನ್ನಾಗಿಯೇ ಉರಿಯಿತು. ಆರಿಸಿದರು. ಕುಂಟುತ್ತ ಎದ್ದು ಅದನ್ನು ನನ್ನ ಕೊಡೆಯ ಪಕ್ಕದ ಮೊಳೆಗೆ ನೇತುಹಾಕಿ, “ಕೈ ತೊಳ್ಯಕ್ಕೆ ನೀರೆಲ್ಲಿ ರೈಟ್ರೇ?” ಎಂದರು.

ಸೆಲ್ಲಿನ ಕಪ್ಪು ಅವರ ಕೈಗೆ ಹತ್ತಿರಬೇಕೆಂದು ಬೇಸರವಾಗಿ, ಚೊಂಬು ಕೊಟ್ಟು, ನಾನು ಸೋಪು ಹುಡುಕಲು ಬಚ್ಚಲಿಗೆ ಹೊರಟೆ. ನಡುಮನೆಯಲ್ಲಿ ಹೆಂಡತಿ ಅಡ್ಡ ನಿಂತಳು. ಅವಳ ಕೈಯಲ್ಲಿ ಒರೆಸಿದ ಬಾಳೆಲೆಗಳಿದ್ದವು.

“ಸೋಪಲ್ಲ ಕಣ್ರೀ,” ಎಂದಳು. “ಎಲೆ ಹಾಕಿ.”